ಕರುಳಿನ ಕಾಯಿಲೆಗೆ ಅಮೈನೊ ಆಮ್ಲದ ಸಾಕ್ಷಿ

1859ರ ಮೇ 3ರಂದು ಲಂಡನ್ ಸಮೀಪದ ರಿಚ್‌ಮಂಡ್‌ನ ಬಾಡಿಗೆ ಕೋಣೆಯೊಂದರಲ್ಲಿ ಇಸಬೆಲ್ಲಾ ಬ್ಯಾಂಕ್ಸ್ ಎಂಬ ಮಹಿಳೆ ತೀರಿಕೊಂಡರು. ವಯಸ್ಸು ನಲವತ್ತು ದಾಟಿತ್ತು. ಒಂದು ತಿಂಗಳಿಂದ ವಾಂತಿ, ಭೇದಿ, ಹೊಟ್ಟೆನೋವು. ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಜೊತೆಯಲ್ಲಿದ್ದವನು ಥಾಮಸ್ ಸ್ಮೆದರ್ಸ್ಟ್ ಎಂಬ ವೈದ್ಯ. ಅವನಿಗೆ ಮೊದಲೇ ಮದುವೆಯಾಗಿ ಆ ಹೆಂಡತಿ ಬದುಕಿದ್ದಳು. ಹಾಗಿದ್ದೂ ಕೆಲವು ತಿಂಗಳ ಹಿಂದೆ ಇಸಬೆಲ್ಲಾರನ್ನು ಚರ್ಚಿನಲ್ಲಿ ಮದುವೆಯಾಗಿದ್ದ. ಸಾಯುವ ಎರಡು ದಿನ ಮುಂಚೆ ಆಕೆ ತನ್ನ ಆಸ್ತಿಯನ್ನು ಅವನ ಹೆಸರಿಗೆ ಉಯಿಲು ಬರೆದಿದ್ದರು. ಇಷ್ಟು ಸಾಕಾಯಿತು, ಎಲ್ಲರ ಬೆರಳೂ ಅವನ ಕಡೆಗೆ ತಿರುಗಿತು.

ಆ ಕಾಲದ ಇಂಗ್ಲೆಂಡಿನಲ್ಲಿ ವಿಷಪ್ರಯೋಗದ ಮೊಕದ್ದಮೆ ಎಂದರೆ ಆಲ್‌ಫ್ರೆಡ್ ಸ್ವೇನ್ ಟೇಲರ್ ಸಾಕ್ಷಿ ಹೇಳಲೇಬೇಕು. ನ್ಯಾಯವೈದ್ಯಶಾಸ್ತ್ರದಲ್ಲಿ ಅವರಷ್ಟು ದೊಡ್ಡ ಹೆಸರು ಇನ್ನೊಂದಿರಲಿಲ್ಲ. ಅವರು ರೈನ್ಶ್ ಪರೀಕ್ಷೆ ಮಾಡಿದರು. ಅನುಮಾನದ ದ್ರವಕ್ಕೆ ಆಮ್ಲ ಸೇರಿಸಿ, ಅದರಲ್ಲಿ ತಾಮ್ರದ ಚೂರು ಇಟ್ಟು ಕಾಯಿಸುವುದು; ಆರ್ಸೆನಿಕ್ ಇದ್ದರೆ ತಾಮ್ರದ ಮೇಲೆ ಬೂದುಗಪ್ಪು ಲೇಪ ಕೂರುತ್ತದೆ. ಮನೆಯಲ್ಲಿ ಸಿಕ್ಕ ಒಂದು ಬಾಟಲಿಯ ದ್ರವದಲ್ಲಿ ಆರ್ಸೆನಿಕ್ ಇದೆ ಎಂದು ಟೇಲರ್ ಹೇಳಿದರು. ಆಮೇಲೆ ಅವರಿಗೇ ಗೊತ್ತಾಯಿತು, ಆರ್ಸೆನಿಕ್ ಇದ್ದದ್ದು ಬಾಟಲಿಯಲ್ಲಲ್ಲ, ತಾವು ಬಳಸಿದ ತಾಮ್ರದ ಜಾಲರಿಯಲ್ಲಿ. ಬಾಟಲಿಯಲ್ಲಿದ್ದದ್ದು ಪೊಟ್ಯಾಸಿಯಂ ಕ್ಲೋರೇಟ್. ಅದು ತಾಮ್ರವನ್ನು ಕರಗಿಸಿ ಅದರೊಳಗಿನ ಕಲ್ಮಶವನ್ನು ಹೊರಗೆ ಬಿಟ್ಟಿತ್ತು. ಟೇಲರ್ ನ್ಯಾಯಾಲಯದಲ್ಲಿ ಈ ತಪ್ಪನ್ನು ಒಪ್ಪಿಕೊಂಡರು. ಆದರೂ ಜ್ಯೂರಿ ಸ್ಮೆದರ್ಸ್ಟ್‌ ಕೊಲೆಯ ಅಪರಾಧಿ ಎಂದು ತೀರ್ಪು ಕೊಟ್ಟಿತು, ಗಲ್ಲು ಶಿಕ್ಷೆಯಾಯಿತು. ವೈದ್ಯರೂ ವಕೀಲರೂ ಪತ್ರಿಕೆಗಳಲ್ಲಿ ಗದ್ದಲ ಎಬ್ಬಿಸಿದರು. ಸರ್ಕಾರ ಹಿರಿಯ ಶಸ್ತ್ರವೈದ್ಯ ಬೆಂಜಮಿನ್ ಬ್ರೋಡಿಯವರ ಅಭಿಪ್ರಾಯ ಕೇಳಿತು. ಕೊನೆಗೆ ಕ್ಷಮಾದಾನ ಸಿಕ್ಕಿತು. ಎರಡನೆಯ ಮದುವೆ ಮಾಡಿಕೊಂಡ ತಪ್ಪಿಗೆ ಮಾತ್ರ ಅವನು ಒಂದು ವರ್ಷ ಜೈಲಿನಲ್ಲಿದ್ದ.

ಇಸಬೆಲ್ಲಾರ ಕರುಳನ್ನು ಪರೀಕ್ಷಿಸಿದವರಲ್ಲಿ ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಒಬ್ಬರು. ತಾವು ಕಂಡದ್ದನ್ನು ಅವರು ಅದೇ ವರ್ಷ ಒಂದು ವೈದ್ಯಕೀಯ ಪತ್ರಿಕೆಗೆ ಪತ್ರವಾಗಿ ಬರೆದರು. ಕರುಳಿನ ಒಳಗೋಡೆಯ ತುಂಬ ಉರಿಯೂತ, ಹುಣ್ಣು. ಅಲ್ಸರೇಟಿವ್ ಕೊಲೈಟಿಸ್ ಎಂದು ನಾವು ಈಗ ಕರೆಯುವ ಕಾಯಿಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈ ಪತ್ರದಿಂದ ಶುರುಮಾಡುತ್ತಾರೆ. ಸಣ್ಣ ಕರುಳಿನ ಕೊನೆಯ ಭಾಗವೂ ಕೆಟ್ಟಿತ್ತಾದ್ದರಿಂದ ಅದು ಕ್ರೋನ್ಸ್ ಕಾಯಿಲೆಯೇ ಇದ್ದೀತು ಎಂದು ಆಮೇಲಿನವರು ವಾದಿಸಿದ್ದಾರೆ. ನನಗೆ ಈ ಪ್ರಕರಣ ಮುಖ್ಯವೆನಿಸುವುದು ಬೇರೆ ಕಾರಣಕ್ಕೆ. ಕರುಳಿನ ಉರಿಯೂತದ ದಾಖಲೆಯ ಮೊದಲ ಪುಟದಲ್ಲೇ ಒಂದು ರಾಸಾಯನಿಕ ಪರೀಕ್ಷೆ ಸುಳ್ಳು ಹೇಳಿದೆ. ಒಬ್ಬನ ಕುತ್ತಿಗೆ ಅದರಿಂದ ಹಗ್ಗದವರೆಗೆ ಹೋಗಿ ಬಂದಿದೆ.

ರಾಸಾಯನಿಕ ಪರೀಕ್ಷೆಯಿಂದ ರೋಗ ಹಿಡಿಯುವ ಆಸೆ ಅದಕ್ಕಿಂತ ಹಳೆಯದು. ಅದರಲ್ಲಿ ಅಮೈನೊ ಆಮ್ಲಗಳಿಗೆ ವಿಶೇಷ ಜಾಗವಿದೆ. 1806ರಲ್ಲಿ ವೊಕ್ಲ್ಯಾನ್ ಮತ್ತು ರೊಬಿಕೆ ಎಂಬ ಫ್ರೆಂಚರು ಶತಾವರಿಯ ಜಾತಿಯ ಅಸ್ಪರಾಗಸ್ ಗಿಡದ ರಸದಿಂದ ಒಂದು ಹರಳನ್ನು ತೆಗೆದರು, ಅಸ್ಪರಾಜಿನ್. ಎರಡನೆಯದು ಬಂದದ್ದು ಮಾತ್ರ ರೋಗಿಯ ದೇಹದಿಂದ. 1810ರಲ್ಲಿ ವಿಲಿಯಂ ವೊಲ್ಲಾಸ್ಟನ್ ಮೂತ್ರಕೋಶದ ಒಂದು ಕಲ್ಲನ್ನು ಪರೀಕ್ಷಿಸುವಾಗ ಅದು ಗೊತ್ತಿರುವ ಯಾವ ಬಗೆಯ ಕಲ್ಲೂ ಅಲ್ಲ ಎಂದು ಕಂಡುಕೊಂಡರು. ಅದೇ ಸಿಸ್ಟಿನ್. ಇದು ಪ್ರೋಟೀನಿನ ಭಾಗ ಎಂಬುದು ಸ್ಪಷ್ಟವಾಗಲು 1899ರವರೆಗೆ ಕಾಯಬೇಕಾಯಿತು. ಪ್ರೋಟೀನ್ ಎಂಬ ಪದವೇ ಹುಟ್ಟದಿದ್ದಾಗ ಒಂದು ಅಮೈನೊ ಆಮ್ಲ ಕಾಯಿಲೆಯ ಗುರುತಾಗಿ ಕಲ್ಲಿನ ರೂಪದಲ್ಲಿ ಕೈಗೆ ಸಿಕ್ಕಿತ್ತು. 1850ರ ದಶಕದಲ್ಲಿ ಜರ್ಮನಿಯ ಫ್ರೆರಿಕ್ಸ್, ಯಕೃತ್ತು ಹಠಾತ್ತನೆ ಕುಗ್ಗಿ ಸಾಯುತ್ತಿದ್ದ ರೋಗಿಗಳ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲ್ಯೂಸಿನ್‌ನ ಗೋಲಿಗಳೂ ಟೈರೊಸಿನ್‌ನ ಸೂಜಿಯ ಕಂತೆಗಳೂ ಕಂಡವು. ಹಾಸಿಗೆಯ ಪಕ್ಕದಲ್ಲೇ ಮಾಡಬಹುದಾದ ಪರೀಕ್ಷೆ ಅದು. ಆದರೆ ಹರಳು ಕಾಣುವ ಹೊತ್ತಿಗೆ ರೋಗಿಯ ಕಥೆ ಮುಗಿಯುತ್ತಾ ಬಂದಿರುತ್ತಿತ್ತು.

ಕರುಳಿನ ಕಾಯಿಲೆಗಳಿಗೆ ಹೆಸರು ಬೀಳುವುದು ತಡವಾಯಿತು. 1913ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಕೆನೆಡಿ ಡಾಲ್ಝಿಯೆಲ್ ದಪ್ಪಗಟ್ಟಿ ಬಿಗಿದುಕೊಂಡ ಕರುಳುಗಳ ಬಗ್ಗೆ ಬರೆದರು. ನೋಡಿದರೆ ಕ್ಷಯದ ಹಾಗಿದೆ, ಆದರೆ ಕ್ಷಯದ ಕ್ರಿಮಿ ಸಿಗುತ್ತಿಲ್ಲ. ದನಗಳಿಗೆ ಬರುವ ಜೋನೆ ಕಾಯಿಲೆಯ ಕರುಳೂ ಹೀಗೇ ಇರುತ್ತದೆ ಎಂದು ಅವರು ಗಮನಿಸಿದ್ದರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿಂಜ್‌ಬರ್ಗ್, ಆಪನ್‌ಹೈಮರ್ 14 ರೋಗಿಗಳ ವಿವರ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಮಾಡಿದ ಬರ್ಗ್ ತಮ್ಮ ಹೆಸರು ಬೇಡ ಎಂದರು. ಉಳಿದವರ ಹೆಸರು ಅಕ್ಷರಾನುಕ್ರಮದಲ್ಲಿ ಬಂತು, ಕಾಯಿಲೆಗೆ ಕ್ರೋನ್‌ರ ಹೆಸರು ನಿಂತಿತು. ಬರ್ಗ್ ಒಪ್ಪಿದ್ದರೆ ನಾವೀಗ ಬರ್ಗ್ ಕಾಯಿಲೆ ಎನ್ನುತ್ತಿದ್ದೆವೋ ಏನೋ.

ಡಾಲ್ಝಿಯೆಲ್ ಎದುರಿಸಿದ ಗೊಂದಲ ನಮ್ಮ ದೇಶದಲ್ಲಿ ಇನ್ನೂ ಬಗೆಹರಿದಿಲ್ಲ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಎರಡೂ ಸಣ್ಣ ಕರುಳಿನ ಕೊನೆಯ ಭಾಗವನ್ನೇ ಹಿಡಿಯುತ್ತವೆ. ಎರಡರಲ್ಲೂ ಜ್ವರ, ತೂಕ ಇಳಿಯುವುದು, ಹುಣ್ಣು. ಬಯಾಪ್ಸಿಯ ಚೂರಿನಲ್ಲಿ ಎರಡಕ್ಕೂ ಗಂಟುಗಂಟಾದ ಗ್ರಾನ್ಯುಲೋಮ ಕಾಣಬಹುದು. ತಪ್ಪಾದರೆ ಎರಡು ಕಡೆಯೂ ಅಪಾಯ: ಕ್ಷಯವಿದ್ದವರಿಗೆ ಸ್ಟಿರಾಯ್ಡ್ ಕೊಟ್ಟರೆ ಕ್ಷಯ ಹರಡುತ್ತದೆ, ಕ್ರೋನ್ಸ್ ಇದ್ದವರಿಗೆ ಕ್ಷಯದ ಮಾತ್ರೆ ಕೊಡುತ್ತಾ ಕೂತರೆ ಆ ತಿಂಗಳುಗಳಲ್ಲಿ ಕರುಳು ಕಿರಿದಾಗುತ್ತಾ ಹೋಗುತ್ತದೆ. ಆದ್ದರಿಂದ ಅನುಮಾನವಿದ್ದಾಗ ಮೊದಲು ಕ್ಷಯದ ಮಾತ್ರೆ ಕೊಟ್ಟು, ಎರಡು ಮೂರು ತಿಂಗಳ ನಂತರ ಹುಣ್ಣು ಮಾಗಿದೆಯೇ ಎಂದು ನೋಡುವುದು ನಮ್ಮಲ್ಲಿ ವಾಡಿಕೆ. ನನ್ನ ಹಾಸ್ಟೆಲ್ ಗೆಳೆಯನೊಬ್ಬ ಎಂ.ಎ. ಎರಡನೆಯ ವರ್ಷವಿಡೀ ಆ ಮಾತ್ರೆ ನುಂಗಿದ. ಅದರಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅವನು ಮೊದಲ ದಿನ ಹೆದರಿ ನನ್ನನ್ನು ಎಬ್ಬಿಸಿದ್ದ. ವರ್ಷದ ಕೊನೆಗೆ ಬೇರೆ ಊರಿನ ವೈದ್ಯರೊಬ್ಬರು ಇದು ಕ್ರೋನ್ಸ್ ಎಂದರು. ಅಷ್ಟರಲ್ಲಿ ಹದಿನಾರು ಕಿಲೋ ಇಳಿದಿದ್ದ. ಮೊದಲಿನ ವೈದ್ಯರನ್ನು ದೂರುವುದು ನನ್ನಿಂದ ಆಗುವುದಿಲ್ಲ. ಅವರ ಕೈಯಲ್ಲಿದ್ದ ಸಾಧನ ಅಷ್ಟೇ. ಒಂದು ಹನಿ ರಕ್ತದಿಂದ ಇದನ್ನು ಹೇಳಬಹುದಲ್ಲವೇ ಎಂಬ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ. ಆ ಪ್ರಶ್ನೆಯ ಬೆನ್ನು ಹತ್ತಿದಾಗ ಸಿಕ್ಕಿದ್ದು ಈ ಇತಿಹಾಸ.

ರಕ್ತದಲ್ಲಿ, ಮೂತ್ರದಲ್ಲಿ ಯಾವ ಅಮೈನೊ ಆಮ್ಲ ಎಷ್ಟಿದೆ ಎಂದು ತಿಳಿಯಬೇಕಾದರೆ ಮೊದಲು ಅವುಗಳನ್ನು ಬೇರೆಬೇರೆ ಮಾಡಬೇಕು. ಎಲ್ಲವೂ ಒಂದೇ ಮನೆಯ ಮಕ್ಕಳ ಹಾಗೆ, ಗುಣದಲ್ಲಿ ಹತ್ತಿರ ಹತ್ತಿರ. ಲೀಡ್ಸ್‌ನ ಉಣ್ಣೆ ಸಂಶೋಧನಾಲಯದಲ್ಲಿ ಕುರಿಯ ಉಣ್ಣೆಯ ಪ್ರೋಟೀನನ್ನು ಬಿಡಿಸಲು ಹೆಣಗುತ್ತಿದ್ದ ಮಾರ್ಟಿನ್ ಮತ್ತು ಸಿಂಜ್ 1941ರಲ್ಲಿ ಒಂದು ದಾರಿ ಕಂಡುಕೊಂಡರು. 1944ರ ಹೊತ್ತಿಗೆ ಮಾರ್ಟಿನ್ ಮತ್ತು ಸಂಗಡಿಗರ ಕೈಯಲ್ಲಿ ಅದು ಬರೀ ಸೋಸುಕಾಗದದ ಕೆಲಸವಾಯಿತು. ಕಾಗದದ ಮೂಲೆಯಲ್ಲಿ ಒಂದು ಹನಿ ಹಾಕಿ, ಅಂಚನ್ನು ದ್ರಾವಕದಲ್ಲಿ ಅದ್ದಿದರೆ ದ್ರಾವಕ ಮೇಲಿಂದ ಹರಿಯುತ್ತಾ ಒಂದೊಂದು ಅಮೈನೊ ಆಮ್ಲವನ್ನು ಒಂದೊಂದು ದೂರಕ್ಕೆ ಒಯ್ಯುತ್ತದೆ. ಆಮೇಲೆ ಕಾಗದವನ್ನು ತಿರುಗಿಸಿ ಇನ್ನೊಂದು ದ್ರಾವಕ ಹರಿಸುವುದು. ಕೊನೆಗೆ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದರೆ ನೇರಳೆ ಚುಕ್ಕೆಗಳು ಏಳುತ್ತವೆ. ಈ ನಿನ್‌ಹೈಡ್ರಿನ್ 1910ರಲ್ಲಿ ಕೇಂಬ್ರಿಜ್‌ನಲ್ಲಿದ್ದ ಜರ್ಮನ್ ಮೂಲದ ರೂಹೆಮಾನ್ ಕಂಡುಹಿಡಿದದ್ದು. ಮುಂದೆ ಪೊಲೀಸರು ಕಾಗದದ ಮೇಲಿನ ಬೆರಳಚ್ಚು ಎಬ್ಬಿಸಲು ಅದನ್ನೇ ಬಳಸತೊಡಗಿದರು, ಏಕೆಂದರೆ ಬೆರಳ ಬೆವರಿನಲ್ಲೂ ಅಮೈನೊ ಆಮ್ಲ ಇರುತ್ತದೆ.

ಈ ಕಾಗದವನ್ನು ಆಸ್ಪತ್ರೆಯೊಳಗೆ ತಂದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಚಾರ್ಲ್ಸ್ ಡೆಂಟ್. ನನ್ನ ಓದಿನಲ್ಲಿ ಈ ಮನುಷ್ಯ ಬಂದಾಗಲೆಲ್ಲ ನಾನು ನಿಂತುಬಿಡುತ್ತೇನೆ. 1945ರಲ್ಲಿ ಬೆಲ್ಸೆನ್ ಶಿಬಿರ ಬಿಡುಗಡೆಯಾದಾಗ, ಹಸಿವಿನಿಂದ ಸಾಯುತ್ತಿದ್ದವರಿಗೆ ಪ್ರೋಟೀನನ್ನು ಮೊದಲೇ ಅಮೈನೊ ಆಮ್ಲಗಳಾಗಿ ಒಡೆದು ಕೊಟ್ಟರೆ ಜೀವ ಉಳಿದೀತೇ ಎಂದು ನೋಡಲು ಬ್ರಿಟನ್ ಒಂದು ತಂಡ ಕಳಿಸಿತು. ಜಾನೆಟ್ ವಾನ್, ರೋಸಲಿಂಡ್ ಪಿಟ್-ರಿವರ್ಸ್ ಮತ್ತು ಡೆಂಟ್. ಆ ದ್ರವ ಕಹಿ, ಕೆಟ್ಟ ವಾಸನೆ, ರೋಗಿಗಳು ಕುಡಿಯಲೊಲ್ಲರು. ಸೂಜಿಯಿಂದ ಕೊಡಹೋದರೆ ಶಿಬಿರದಲ್ಲಿ ಸೂಜಿ ಎಂದರೆ ಏನೆಂದು ಕಂಡಿದ್ದವರು ಹೆದರಿ ಕೂಗಿಕೊಂಡರು. ಕೆನೆ ತೆಗೆದ ಹಾಲನ್ನು ಸ್ವಲ್ಪಸ್ವಲ್ಪವೇ ಕೊಟ್ಟದ್ದು ಅದಕ್ಕಿಂತ ಒಳ್ಳೆಯ ಕೆಲಸ ಮಾಡಿತು. ಡೆಂಟ್ ಊರಿಗೆ ಮರಳಿ, 1948ರಲ್ಲಿ ಕಾಗದದ ಮೇಲೆ ಸುಮಾರು 60 ವಸ್ತುಗಳು ಎಲ್ಲೆಲ್ಲಿ ಕೂರುತ್ತವೆ ಎಂಬ ನಕ್ಷೆಯನ್ನು ಪ್ರಕಟಿಸಿದರು. ಆ ನಕ್ಷೆ ಹಿಡಿದು ಜಗತ್ತಿನ ಪ್ರಯೋಗಾಲಯಗಳು ಮಕ್ಕಳ ಮೂತ್ರವನ್ನು ಓದಲು ಕಲಿತವು. ಕರ್ನಾಟಕದಲ್ಲಿ 1980ರ ದಶಕದಲ್ಲಿ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಒಂದು ಲಕ್ಷಕ್ಕೂ ಹೆಚ್ಚು ಹಸುಗೂಸುಗಳನ್ನು ಅಮೈನೊ ಆಮ್ಲದ ದೋಷಗಳಿಗಾಗಿ ಪರೀಕ್ಷಿಸಿದ್ದು ಇದೇ ಪರಂಪರೆಯ ಕೆಲಸ.

1956ರಲ್ಲಿ ಡೆಂಟ್ ಮತ್ತು ಸಂಗಡಿಗರು ಹಾರ್ಟ್‌ನಪ್ ಎಂಬ ಮನೆತನದ ಮಕ್ಕಳ ವಿಚಿತ್ರ ಕಾಯಿಲೆಯನ್ನು ವರದಿ ಮಾಡಿದರು. ಬಿಸಿಲಿಗೆ ಚರ್ಮ ಸುಟ್ಟಂತೆ ಕೆಂಪಾಗುತ್ತದೆ, ನಡಿಗೆ ತೂರಾಡುತ್ತದೆ, ಮೂತ್ರದಲ್ಲಿ ರಾಶಿ ಅಮೈನೊ ಆಮ್ಲ. ನೋಡಲು ಪೆಲಗ್ರಾ. ಆದರೆ ಊಟದಲ್ಲಿ ಕೊರತೆಯಿಲ್ಲ. ಟ್ರಿಪ್ಟೊಫಾನ್ ಮುಂತಾದವನ್ನು ಕರುಳು ಹೀರುವುದಿಲ್ಲ, ಮೂತ್ರಪಿಂಡ ಹಿಡಿದಿಡುವುದಿಲ್ಲ. ದೇಹ ತನಗೆ ಬೇಕಾದ ನಯಾಸಿನ್ ವಿಟಮಿನ್ನಿನ ಒಂದು ಪಾಲನ್ನು ಟ್ರಿಪ್ಟೊಫಾನಿನಿಂದಲೇ ತಯಾರಿಸಿಕೊಳ್ಳುತ್ತದೆ, 60 ಮಿಲಿಗ್ರಾಂಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ. ಹೀರಿಕೊಳ್ಳದಿದ್ದರೆ ಅದೂ ಇಲ್ಲ.

ಇಲ್ಲಿಂದ ಕಥೆ ನಮ್ಮ ಜೋಳದ ಸೀಮೆಗೆ ಬರುತ್ತದೆ. ಪೆಲಗ್ರಾ ಮೆಕ್ಕೆಜೋಳ ತಿನ್ನುವವರ ಕಾಯಿಲೆ ಎಂದು ಜಗತ್ತು ನಂಬಿತ್ತು. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ದಖ್ಖನ್ನಿನ ಬಡವರಲ್ಲಿ, ಬಿಳಿಜೋಳ ಬಿಟ್ಟರೆ ಬೇರೇನೂ ಹೆಚ್ಚು ಕಾಣದವರಲ್ಲಿ, ಅದೇ ಕಾಯಿಲೆ ಕಂಡರು. ಬಿಳಿಜೋಳದಲ್ಲಿ ಮೆಕ್ಕೆಜೋಳದಷ್ಟು ಟ್ರಿಪ್ಟೊಫಾನ್ ಕೊರತೆಯಿಲ್ಲ. ಹಾಗಾದರೆ ಏನು? ಲ್ಯೂಸಿನ್ ಅತಿಯಾಗಿರುವುದೇ ಕಾರಣ, ಅದು ಟ್ರಿಪ್ಟೊಫಾನಿನ ದಾರಿಯನ್ನು ಕೆಡಿಸುತ್ತದೆ ಎಂದು 1960ರಲ್ಲಿ ಅವರು ಲ್ಯಾನ್ಸೆಟ್‌ನಲ್ಲಿ ಬರೆದರು. 1963ರಲ್ಲಿ ಭವಾನಿ ಬೆಳವಾಡಿಯವರ ಜೊತೆಗಿನ ಪ್ರಯೋಗದಲ್ಲಿ ಲ್ಯೂಸಿನ್ ತಿನ್ನಿಸಿದಾಗ ಮೂತ್ರದಲ್ಲಿ ಕ್ವಿನೊಲಿನಿಕ್ ಆಮ್ಲ ಏರಿತು. ಬೇರೆ ದೇಶಗಳ ಪ್ರಯೋಗಗಳಲ್ಲಿ ಇದು ಎಲ್ಲ ಸಲವೂ ಹಾಗೇ ಕಾಣಲಿಲ್ಲ, ವಾದ ದಶಕಗಳ ಕಾಲ ನಡೆಯಿತು. ಜೋಳದ ರೊಟ್ಟಿಯ ಜೊತೆ ಬೇಳೆ, ಪಲ್ಯ, ಮೊಸರು ಉಣ್ಣುವವರು ಹೆದರಬೇಕಾಗಿಲ್ಲ. ಅದು ರೊಟ್ಟಿಯ ದೋಷಕ್ಕಿಂತ ಬರೀ ರೊಟ್ಟಿಯಲ್ಲೇ ದಿನ ದೂಡಬೇಕಾದ ಬಡತನದ ದೋಷ.

ಪೆಲಗ್ರಾದಲ್ಲೂ ಭೇದಿಯಿದೆ, ಕರುಳಿನ ಉರಿಯೂತವಿದೆ. ಈ ಎರಡು ತುದಿಗಳನ್ನು ಗಂಟು ಹಾಕಿದ್ದು 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಇಲಿ ಪ್ರಯೋಗ. ಎಸಿಇ2 ಎಂಬ ಪ್ರೋಟೀನ್ ಇಲ್ಲದ ಇಲಿಗಳ ಕರುಳು ಟ್ರಿಪ್ಟೊಫಾನನ್ನು ಸರಿಯಾಗಿ ಹೀರುವುದಿಲ್ಲ. ಅವುಗಳಿಗೆ ಕರುಳಿನ ಉರಿಯೂತ ಬೇಗ ಹತ್ತುತ್ತದೆ, ಕರುಳಿನ ಬ್ಯಾಕ್ಟೀರಿಯಾಗಳ ಸಂತೆಯೇ ಬದಲಾಗುತ್ತದೆ. ಎಸಿಇ2 ಎಂದರೆ ಕೊರೊನಾ ಕಾಲದಲ್ಲಿ ಮನೆಮಾತಾದ ಅದೇ ಹೆಸರು. ಕರುಳಿನಲ್ಲಿ ಅದರ ಜೊತೆಗಾರ, ಹಾರ್ಟ್‌ನಪ್ ಮಕ್ಕಳಲ್ಲಿ ಕೆಟ್ಟಿದ್ದ ಅದೇ ಸಾಗಣೆಯ ಪ್ರೋಟೀನ್. 2017ರಲ್ಲಿ ಜರ್ಮನಿಯ ಕೀಲ್ ನಗರದ ಸಂಶೋಧಕರು 500ಕ್ಕೂ ಹೆಚ್ಚು ರೋಗಿಗಳ ರಕ್ತ ನೋಡಿ, ಉರಿಯೂತ ಜೋರಾದಷ್ಟೂ ಟ್ರಿಪ್ಟೊಫಾನ್ ಇಳಿಯುತ್ತದೆ ಎಂದು ತೋರಿಸಿದರು. ಏರಿದ್ದ ವಸ್ತುಗಳಲ್ಲಿ ಒಂದು ಕ್ವಿನೊಲಿನಿಕ್ ಆಮ್ಲ. ಹೈದರಾಬಾದಿನವರು ಮೂತ್ರದಲ್ಲಿ ಅಳೆದಿದ್ದ ಅದೇ ವಸ್ತು. ಕಾರಣ ಬೇರೆ, ದಾರಿ ಒಂದೇ.

ಸಿಟ್ರುಲಿನ್‌ನ ಕಥೆ ಚಿಕ್ಕದು, ಆದರೆ ನನಗೆ ಇಷ್ಟ. ಜಪಾನಿನಲ್ಲಿ 1914ರಲ್ಲಿ ಕಲ್ಲಂಗಡಿಯ ರಸದಿಂದ ತೆಗೆದದ್ದು. 1930ರಲ್ಲಿ ವಾಡಾ ಅದರ ರಚನೆ ಬಿಡಿಸಿ, ಕಲ್ಲಂಗಡಿಯ ಲ್ಯಾಟಿನ್ ಹೆಸರಿನಿಂದಲೇ ಹೆಸರಿಟ್ಟರು. ನಮ್ಮ ರಕ್ತದಲ್ಲಿರುವ ಸಿಟ್ರುಲಿನ್ ಬಹುಪಾಲು ಸಣ್ಣ ಕರುಳಿನ ಜೀವಕೋಶಗಳು ಗ್ಲುಟಮಿನ್‌ನಿಂದ ತಯಾರಿಸಿದ್ದು. ಹಾಗಾಗಿ ರಕ್ತದಲ್ಲಿ ಅದೆಷ್ಟಿದೆ ಎಂದರೆ ಕೆಲಸ ಮಾಡುವ ಕರುಳು ಎಷ್ಟು ಉಳಿದಿದೆ ಎಂದು. 2000ದಲ್ಲಿ ಫ್ರಾನ್ಸಿನ ಕ್ರೆನ್ ಮತ್ತು ಸಂಗಡಿಗರು, ಕರುಳಿನ ದೊಡ್ಡ ಭಾಗವನ್ನು ಕತ್ತರಿಸಿ ತೆಗೆದವರಲ್ಲಿ ಇದನ್ನು ಅಳೆದು, ಲೀಟರಿಗೆ 20 ಮೈಕ್ರೊಮೋಲ್‌ಗಿಂತ ಕೆಳಗಿದ್ದರೆ ಬಾಯಿಯ ಊಟ ಸಾಲದೆ ರಕ್ತನಾಳದ ಮೂಲಕ ಪೋಷಣೆ ಬೇಕಾಗುವ ಸಂಭವ ಹೆಚ್ಚು ಎಂದು ತೋರಿಸಿದರು. ಪದೇಪದೇ ಶಸ್ತ್ರಚಿಕಿತ್ಸೆಯಾದ ಕ್ರೋನ್ಸ್ ರೋಗಿಗಳಿಗೆ ಇದು ಉಪಯೋಗದ ಮಾತು. ಆದರೆ ಸಿಟ್ರುಲಿನ್ ಕರುಳಿನ ಅಳತೆ ಹೇಳುತ್ತದೆ, ಉರಿಯೂತದ ಹೆಸರು ಹೇಳುವುದಿಲ್ಲ. ಮೂತ್ರಪಿಂಡ ಕೆಟ್ಟಿದ್ದರೆ ಲೆಕ್ಕವೂ ತಪ್ಪುತ್ತದೆ.

ಒಂದೊಂದೇ ಅಮೈನೊ ಆಮ್ಲ ಸಾಕ್ಷಿ ಹೇಳಿದರೆ ಸಾಲದು, ಎಲ್ಲವನ್ನೂ ಒಟ್ಟಿಗೆ ಕೂರಿಸಿ ಕೇಳೋಣ ಎಂದು ಹೊರಟವರು ಜಪಾನಿನವರು. 1908ರಲ್ಲಿ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ತೆಗೆದು ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅದನ್ನು ಮಾರಲು ಹುಟ್ಟಿದ ಕಂಪನಿ ಅಜಿನೊಮೊಟೊ, ನಮ್ಮ ಗೋಬಿ ಮಂಚೂರಿ ಗಾಡಿಗಳ ಬಿಳಿಪುಡಿ. ಅದೇ ಕಂಪನಿ ನೂರು ವರ್ಷದ ನಂತರ ರಕ್ತದ ಅಮೈನೊ ಆಮ್ಲಗಳ ಪ್ರಮಾಣವನ್ನು ಸೂತ್ರಕ್ಕೆ ಹಾಕಿ ರೋಗ ಹೇಳುವ ಕೆಲಸಕ್ಕೆ ಇಳಿಯಿತು. ಅದರ ಸಂಶೋಧಕರೂ ಸೇರಿ, ಕೇಯೋ ವಿಶ್ವವಿದ್ಯಾಲಯದ ಹಿಸಾಮತ್ಸು ಮತ್ತು ತಂಡ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 165 ಕ್ರೋನ್ಸ್ ರೋಗಿಗಳು, 222 ಅಲ್ಸರೇಟಿವ್ ಕೊಲೈಟಿಸ್ ರೋಗಿಗಳು, 210 ಆರೋಗ್ಯವಂತರು. ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತ. ರೋಗಿಗಳಲ್ಲಿ ಹಿಸ್ಟಿಡಿನ್, ಟ್ರಿಪ್ಟೊಫಾನ್ ಮುಂತಾದವು ಇಳಿದಿದ್ದವು. ಹಲವು ಅಮೈನೊ ಆಮ್ಲಗಳನ್ನು ಸೇರಿಸಿ ಮಾಡಿದ ಸೂತ್ರ ರೋಗಿಯನ್ನೂ ಆರೋಗ್ಯವಂತರನ್ನೂ ಬೇರ್ಪಡಿಸುವುದರಲ್ಲಿ 0.9ರ ಆಸುಪಾಸಿನ ಅಂಕ ಗಳಿಸಿತು. ಈ ಲೆಕ್ಕದಲ್ಲಿ 0.5 ಎಂದರೆ ನಾಣ್ಯ ಚಿಮ್ಮಿದಂತೆ, 1 ಎಂದರೆ ಒಂದೂ ತಪ್ಪಿಲ್ಲ. 2015ರಲ್ಲಿ ಅದೇ ತಂಡ, ಕಾಯಿಲೆ ತಣ್ಣಗಿರುವ ಕೊಲೈಟಿಸ್ ರೋಗಿಗಳಲ್ಲಿ ಹಿಸ್ಟಿಡಿನ್ ಕಡಿಮೆಯಿದ್ದವರಿಗೆ ವರ್ಷದೊಳಗೆ ಮರುಕಳಿಸುವ ಅಪಾಯ ಹೆಚ್ಚು ಎಂದಿತು.

ಮೊದಲ ಸಲ ಇದನ್ನು ಓದಿದಾಗ ನನಗೆ ಸಂಭ್ರಮವಾಗಿತ್ತು. ಎರಡನೆಯ ಸಲ ಓದುವಾಗ ಒಂದು ಪದ ಕಣ್ಣಿಗೆ ಬಿತ್ತು: ಆರೋಗ್ಯವಂತರು. ವೈದ್ಯರ ಮುಂದೆ ಬಂದು ಕೂರುವವನು ಆರೋಗ್ಯವಂತ ಅಲ್ಲವಲ್ಲ. ನನ್ನ ಗೆಳೆಯನಿಗೆ ಕಾಯಿಲೆ ಇದೆಯೋ ಇಲ್ಲವೋ ಎಂಬ ಅನುಮಾನ ಯಾರಿಗೂ ಇರಲಿಲ್ಲ. ಎರಡರಲ್ಲಿ ಯಾವುದು ಎಂಬುದೇ ಪ್ರಶ್ನೆಯಾಗಿತ್ತು. ಹಿಸ್ಟಿಡಿನ್ ಇಳಿಯುವುದು ಕರುಳಿನ ಉರಿಯೂತದಲ್ಲಿ ಮಾತ್ರವಲ್ಲ. ಕೀಲುಗಳ ಉರಿಯೂತವಾದ ರುಮಟಾಯ್ಡ್ ಸಂಧಿವಾತದಲ್ಲಿ ಅದು ಇಳಿಯುತ್ತದೆ, ಕಾಯಿಲೆಯ ಜೋರನ್ನೂ ಹೇಳುತ್ತದೆ ಎಂದು ಡೊನಾಲ್ಡ್ ಗರ್ಬರ್ 1975ರಲ್ಲೇ ಬರೆದಿದ್ದರು. ಉಪವಾಸ, ಸೋಂಕು, ಸ್ನಾಯು ಕರಗುವುದು, ಹಿಂದಿನ ರಾತ್ರಿಯ ಊಟ, ಎಲ್ಲವೂ ಈ ಅಂಕಿಗಳನ್ನು ಅಲುಗಾಡಿಸುತ್ತವೆ. ಅಮೈನೊ ಆಮ್ಲ ಊರಿನ ಎಲ್ಲ ಮನೆಗೂ ಹೋಗಿಬರುವ ಸಾಕ್ಷಿ. ಏನೋ ನಡೆದಿದೆ ಎಂದು ಹೇಳುತ್ತದೆ, ಯಾರ ಮನೆಯಲ್ಲಿ ಎಂದು ಕೇಳಿದರೆ ತಡವರಿಸುತ್ತದೆ. ಟೇಲರ್ ತಾಮ್ರದ ಜಾಲರಿಯನ್ನು ಮೊದಲೇ ಪರೀಕ್ಷಿಸದೆ ಹೋದದ್ದು ನನಗೆ ನೆನಪಾಗುವುದು ಇಲ್ಲೇ.

ಹಾಗೆಂದು ಈ ದಾರಿ ಬಂಜರಲ್ಲ. 2007ರಲ್ಲಿ ಮಾರ್ಕೆಸಿ ಮತ್ತು ಸಂಗಡಿಗರು ಮಲದ ಸಾರವನ್ನು ಎನ್‌ಎಂಆರ್ ಯಂತ್ರದಲ್ಲಿ ನೋಡಿದಾಗ ಕ್ರೋನ್ಸ್ ರೋಗಿಗಳಲ್ಲಿ ಅಮೈನೊ ಆಮ್ಲಗಳು ಹೆಚ್ಚಿದ್ದವು. 2009ರಲ್ಲಿ ದೆಹಲಿಯ ಏಮ್ಸ್‌ನ ಎನ್.ಆರ್. ಜಗನ್ನಾಥನ್ ಮತ್ತು ಸಂಗಡಿಗರು ಕರುಳಿನ ಒಳಪದರದ ಬಯಾಪ್ಸಿ ಚೂರುಗಳನ್ನು ಅದೇ ತತ್ವದ ಯಂತ್ರದಲ್ಲಿ ಪರೀಕ್ಷಿಸಿದರು. ಕಾಯಿಲೆ ಜೋರಾಗಿದ್ದವರ ಚೂರುಗಳಲ್ಲಿ ಲ್ಯೂಸಿನ್, ವೇಲಿನ್, ಗ್ಲುಟಮಿನ್‌ಗಳು ಕಡಿಮೆ. ರಕ್ತದಲ್ಲಿ ಇಳಿತ, ಕರುಳಿನ ಗೋಡೆಯಲ್ಲಿ ಇಳಿತ, ಮಲದಲ್ಲಿ ಏರಿಕೆ. ಮೂರನ್ನೂ ಒಂದೇ ರೋಗಿಯಲ್ಲಿ, ಕ್ಷಯ ಇದ್ದವರನ್ನೂ ಪಕ್ಕದಲ್ಲಿಟ್ಟುಕೊಂಡು ಅಳೆಯಬೇಕು. ಆ ಕೆಲಸಕ್ಕೆ ಎರಡೂ ಕಾಯಿಲೆಗಳಿರುವ ದೇಶವೇ ಬೇಕು, ಅಂದರೆ ನಮ್ಮಂಥದ್ದು.

ಈ ಓಟದಲ್ಲಿ ಆಸ್ಪತ್ರೆಯ ಬಾಗಿಲು ಮೊದಲು ಮುಟ್ಟಿದ್ದು ಬೇರೆಯೇ ವಸ್ತು. 1980ರಲ್ಲಿ ಓಸ್ಲೋದ ಮಾಗ್ನೆ ಫಾಗರ್‌ಹೋಲ್ ಬಿಳಿ ರಕ್ತಕಣಗಳಿಂದ ಒಂದು ಪ್ರೋಟೀನ್ ಬೇರ್ಪಡಿಸಿದ್ದರು. 1992ರಲ್ಲಿ ಆರ್ನೆ ರೋಸೆತ್ ಅದನ್ನು ಮಲದಲ್ಲಿ ಅಳೆಯುವ ವಿಧಾನ ಕೊಟ್ಟರು. ಅದೇ ಕ್ಯಾಲ್‌ಪ್ರೊಟೆಕ್ಟಿನ್. ಉರಿಯೂತವಿದೆಯೋ, ಬರೀ ಕರುಳಿನ ಕಿರಿಕಿರಿಯೋ ಎಂದು ಅದು ಚೆನ್ನಾಗಿ ಹೇಳುತ್ತದೆ. ಕ್ಷಯವೋ ಕ್ರೋನ್ಸೋ ಎಂದರೆ ಅದಕ್ಕೂ ಗೊತ್ತಿಲ್ಲ.

ನನ್ನ ಗೆಳೆಯ ಈಗ ತನ್ನ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಆರು ತಿಂಗಳಿಗೊಮ್ಮೆ ಸಣ್ಣ ಡಬ್ಬಿಯೊಂದನ್ನು ಕರಿ ಕವರಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಎರಡು ಗಂಟೆ ಕೂತು ಲ್ಯಾಬಿಗೆ ಒಯ್ಯುತ್ತಾನೆ. ಪಕ್ಕದವರು ಏನದು ಎಂದು ಕೇಳಿದರೆ ಉಪ್ಪಿನಕಾಯಿ ಎನ್ನುತ್ತಾನಂತೆ. ಈ ಲೇಖನದ ಕರಡನ್ನು ಅವನಿಗೆ ಓದಲು ಕೊಟ್ಟಿದ್ದೆ. ಕಲ್ಲಂಗಡಿಯ ಭಾಗಕ್ಕೆ ಗೆರೆ ಎಳೆದು, ಬೀಜ ತೆಗೆದು ತಿನ್ನಬಹುದಾ ಕೇಳಿ ಹೇಳು ಎಂದು ಅಂಚಿನಲ್ಲಿ ಬರೆದು ವಾಪಸು ಕಳಿಸಿದ್ದಾನೆ.